ಒಂದೇ ಬೋಗಾಣಿಯಲ್ಲಿ ಅಲಸಂದಿ ಮತ್ತು ಒಣ ಸಿಗಡಿ



ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಗೆ ಸಮುದ್ರ ಬಲು ದೂರ. ನೆಟ್ಟಗೆ ಗೆರೆ ಎಳೆದರೂ ಕೊಂಕಣದ ದಂಡೆ 250 ಕಿಲೋಮೀಟರಿಗೂ ಆಚೆ. ಆದರೂ ವಾರದ ಸಂತೆಯಲ್ಲಿ ಒಣ ಸಿಗಡಿ ಸಿಗುತ್ತದೆ. ಮರಾಠಿಯಲ್ಲಿ ಇದಕ್ಕೆ ಸುಕಟ ಎನ್ನುತ್ತಾರೆ, ತೀರ ಸಣ್ಣದಕ್ಕೆ ಜವಳಾ. ಅಲಸಂದಿ, ಅಂದರೆ ಮರಾಠಿಯ ಚವಳಿ, ನಮ್ಮ ನೆಲದ್ದೇ ಬೆಳೆ. ಇವೆರಡನ್ನೂ ಕೂಡಿಸಿ ಒಂದೇ ಬೋಗಾಣಿಯಲ್ಲಿ ಸಾರು ಮಾಡುವ ಕ್ರಮವನ್ನು ಇಂದು ನೋಡೋಣ.

ಐದು ಜನರಿಗೆ ಕಾಲು ಕಿಲೋ ಅಲಸಂದಿ, 50 ಗ್ರಾಂ ಸಿಗಡಿ, ಎರಡು ಉಳ್ಳಾಗಡ್ಡಿ, ಹತ್ತು ಎಸಳು ಬಳ್ಳೊಳ್ಳಿ, ಎರಡು ಚಮಚ ಕಾಳಾ ಮಸಾಲಾ, ಎರಡು ಚಮಚ ಶೇಂಗಾ ಪುಡಿ, ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣು ಸಾಕು. ಸಾಮಾನು ಯಾರ ಮನೆಯಲ್ಲಾದರೂ ಇದೇ. ಅಡುಗೆ ಕೆಡುವುದು ಹಾಕುವ ಪಾಳಿ ತಪ್ಪಿದಾಗ. ಬ್ಯಾಂಕಿನ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಪಾಳಿಯ ಬೆಲೆ ಗೊತ್ತು!

ಮೊದಲ ಪಾಳಿ ಕಾಳಿನದು. ರಾತ್ರಿಯೇ ನೆನೆಹಾಕಿ, ನೀರಿಗೆ ಒಂದು ಚಮಚ ಉಪ್ಪು ಬೆರೆಸಿ. ಉಪ್ಪು ಹಾಕಿದರೆ ಕಾಳು ಬೇಯದು ಎಂಬ ಮಾತಿದೆ. ನಿಜ ಬೇರೆ. ನೆನೆಯುವಾಗ ಉಪ್ಪು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ಕಾಳು ಬೇಯಲು ಬಿಡದಿರುವುದು ನಮ್ಮ ಬೋರಿನ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಸಿಹಿನೀರು ಸಿಕ್ಕರೆ ಅದನ್ನೇ ಬಳಸಿ. ಇಲ್ಲವಾದರೆ ಒಂದು ಚಿಟಿಕೆ ಅಡುಗೆ ಸೋಡಾ, ಹೆಚ್ಚು ಬೇಡ, ಸತ್ವ ಹೋಗುತ್ತದೆ.

ಬೆಳಿಗ್ಗೆ ನೆನೆದ ನೀರು ಚೆಲ್ಲಿ. ಬೋಗಾಣಿಯಲ್ಲಿ ಎಣ್ಣೆ ಕಾಯಿಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಕೆಂಪಗೆ ಹುರಿಯಿರಿ. ಉರಿ ಸಣ್ಣ ಮಾಡಿ ಮಸಾಲಾ ಹಾಕಿ, ಅದು ಹೊತ್ತುವ ಮೊದಲೇ ಕಾಳು, ಒಂದೂಕಾಲು ಲೀಟರ್ ನೀರು ಸುರಿದು ಮುಚ್ಚಿಡಿ. ಮುಕ್ಕಾಲು ಗಂಟೆಯಲ್ಲಿ ಬೇಯುತ್ತದೆ. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿ.

ಎರಡನೆಯ ಪಾಳಿ ಹುಳಿಯದು. ಕಾಳು ಮೆತ್ತಗಾಗದೆ ಹುಣಸೆಹಣ್ಣು ಮುಟ್ಟಬೇಡಿ. ಹುಳಿ ಬಿದ್ದ ಕಾಳು ಅಲ್ಲಿಗೇ ಬಿಗಿದುಕೊಳ್ಳುತ್ತದೆ. ಆಮೇಲೆ ಎಷ್ಟು ಕಟ್ಟಿಗೆ ಉರಿಸಿದರೂ ವ್ಯರ್ಥ. ಬೆಂದ ಮೇಲೆ ಹುಣಸೆರಸ, ಶೇಂಗಾ ಪುಡಿ ಹಾಕಿ ಹತ್ತು ನಿಮಿಷ ಕುದಿಸಿ.

ಕೊನೆಯ ಪಾಳಿ ಸಿಗಡಿಯದು. ಅದನ್ನು ಮೊದಲೇ ಬೇರೆ ತವೆಯಲ್ಲಿ ಬೆಚ್ಚಗೆ ಹುರಿದು, ತಲೆ, ಮೀಸೆ ತಿಕ್ಕಿ ತೆಗೆದು, ಮೊರದಲ್ಲಿ ಕೇರಿ, ಬಿಸಿನೀರಿನಲ್ಲಿ ಮೂರು ಸಲ ತೊಳೆದಿಡಬೇಕು. ಉಸುಕು ತಳದಲ್ಲಿ ಕೂಡುತ್ತದೆ. ಸಿಗಡಿಯನ್ನು ಮೇಲಿಂದ ಎತ್ತಿ. ಬೂಷ್ಟು ಹಿಡಿದದ್ದು, ಕೈಗೆ ಜಿಗುಟಾದದ್ದು ಕೊಳ್ಳಲೇಬೇಡಿ. ಬೋಗಾಣಿಗೆ ಹಾಕಿದ ಮೇಲೆ ಐದಾರು ನಿಮಿಷ ಸಾಕು, ಮೀರಿದರೆ ನಾರಾಗುತ್ತದೆ. ಸಾರಿನ ಉಪ್ಪು ಈಗ ನೋಡಿ, ಸಿಗಡಿಯಲ್ಲೇ ಉಪ್ಪಿರಬಹುದು. ರಕ್ತದೊತ್ತಡ ಇದ್ದವರು ಇದನ್ನು ಮರೆಯಬಾರದು.

ಉಜನಿಯ ಹಸಿ ಮೀನು ಸಿಕ್ಕಿತೇ? ಭೀಮೆಗೆ ಆ ಅಣೆಕಟ್ಟು ಮುಗಿದದ್ದು 1980ರಲ್ಲಿ. ಅಲ್ಲಿಂದ ಬರುವ ಕಟ್ಲಾ, ರೋಹು ತುಂಡುಗಳಾದರೂ ನಡೆಯುತ್ತದೆ. ಅವಕ್ಕೂ ಕೊನೆಯ ಪಾಳಿಯೇ, ಹತ್ತು ನಿಮಿಷ, ಸೌಟು ಆಡಿಸದೆ.

ಸಿಗಡಿ ಕೊನೆಗೆ ಬರುವುದರಿಂದ ಇನ್ನೊಂದು ಅನುಕೂಲವಿದೆ. ಮೀನು ಮುಟ್ಟದವರು ಮನೆಯಲ್ಲಿದ್ದರೆ ಅವರ ಪಾಲನ್ನು ಮೊದಲೇ ಬೇರೆ ಸೌಟಿನಿಂದ ತೆಗೆದಿಡಬಹುದು. ಸಿಗಡಿ ಒಗ್ಗದವರ ಪಾಲೂ ಹಾಗೆಯೇ ತೆಗೆದಿಡಬೇಕು, ಅವರ ತಟ್ಟೆಗೆ ಸಿಗಡಿಯ ಸೌಟು ತಾಗಲೇಬಾರದು. ಕೆಲವರಿಗೆ ಒಂದು ತುತ್ತಿಗೇ ಮೈಯೆಲ್ಲ ದದ್ದು, ತುಟಿ, ಗಂಟಲಿಗೆ ಬಾವು ಬರುತ್ತದೆ. ಉಸಿರು ಕಟ್ಟಿದಂತಾದರೆ ಮನೆಮದ್ದು ಹುಡುಕುತ್ತ ಕೂಡಬೇಡಿ, ಕೂಡಲೇ ದವಾಖಾನೆಗೆ ಒಯ್ಯಿರಿ.

ಕೊತ್ತಂಬರಿ ಉದುರಿಸಿ ಇಳಿಸಿ. ಬಿಳಿಜೋಳದ ಬಿಸಿ ಭಕ್ಕರಿಗೂ, ಕಡಕ್ ರೊಟ್ಟಿ ಮುರಿದು ನೆನೆಸಿಕೊಳ್ಳಲಿಕ್ಕೂ ಈ ಸಾರು ಒಪ್ಪುತ್ತದೆ. ಮಾಡಿದ್ದನ್ನು ಅಂದೇ ಮುಗಿಸಿ. ಮಾಡಿ ನೋಡಿ, ನೆರೆಯವರಿಗೂ ಒಂದು ಬಟ್ಟಲು ಕೊಡಿ.