ಕೂಗುವ ಟೈರು, ಕುಡಿಯುವ ಟೈರು

ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟುಕೊಂಡವನಿಗೆ ವರ್ಷದಲ್ಲಿ ಎರಡು ಸುಗ್ಗಿ. ಮೇ ತಿಂಗಳ ಕೊನೆಗೆ ತೋಟದವರು ಬರುತ್ತಾರೆ. ಮಳೆ ಹಿಡಿಯುವುದರೊಳಗೆ ಜೀಪಿಗೆ ಗ್ರಿಪ್ ಇರುವ ಟೈರು ಬೀಳಬೇಕು. ಮಳೆ ಬಿಟ್ಟ ಮೇಲೆ ಬೆಂಗಳೂರಿನವರ ಸರದಿ. ಹೊಸ ಥಾರ್‌ಗೋ ಜಿಮ್ನಿಗೋ ದಪ್ಪ ಬಟನ್ನಿನ ಟೈರು ಹಾಕಿಸಿಕೊಂಡು ಬಿಸ್ಲೆ ಕಡೆ ಹೊರಟವರು ಗಾಳಿ ನೋಡಿಸಲು ನಿಲ್ಲುತ್ತಾರೆ. ಗೇಜ್ ಹಚ್ಚುವಷ್ಟರಲ್ಲಿ ಮಾತು ಶುರು: ‘ಸದ್ದು ತಡಿಯೋಕಾಗ್ತಿಲ್ಲ ಸಾರ್, ಮೈಲೇಜೂ ಬಿದ್ದೋಗಿದೆ.’ ಎರಡೂ ದೂರು ಒಂದೇ ಉಸಿರಿಗೆ ಬರುತ್ತವೆ.

ಕೂಗುವ ಟೈರೇ ಡೀಸೆಲ್ ಕುಡಿಯುವ ಟೈರು ಎಂದು ಎಲ್ಲರ ನಂಬಿಕೆ. ಸದ್ದಿನ ಮೂಲ ಬೇರೆ, ಮೈಲೇಜ್ ಬೀಳುವುದರ ಮೂಲ ಬೇರೆ ಎಂದರೆ ಒಪ್ಪುವವರು ಕಡಿಮೆ. ಒಪ್ಪದಿರುವುದಕ್ಕೆ ಕಾರಣವೂ ಇದೆ. ನೆಲಮಂಗಲ ದಾಟಿ ಹಾಸನದ ದಾರಿ ಹಿಡಿದ ಮೇಲೆ ಗಾಡಿ ನೂರು ಮುಟ್ಟುತ್ತದೆ. ವೇಗ ಏರಿದಂತೆ ಟೈರಿನ ಸದ್ದು ಏರುತ್ತದೆ, ಡೀಸೆಲ್ ಖರ್ಚೂ ಏರುತ್ತದೆ. ಥಾರ್ ಮೂತಿ ನೇರ ನಿಂತ ಗೋಡೆ. 80ರಿಂದ 110ಕ್ಕೆ ಹೋದರೆ ಎದುರುಗಾಳಿಯ ತಡೆ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ. ಗಾಳಿ ತಿಂದ ಡೀಸೆಲ್ಲೂ ಟೈರಿನ ಲೆಕ್ಕಕ್ಕೆ ಬೀಳುತ್ತದೆ, ಯಾಕೆಂದರೆ ಕಿವಿಗೆ ಬೀಳುವುದು ಟೈರು.

ಮೊದಲು ಟೈರಿನ ಜಾತಿ ಹೇಳಿಬಿಡುತ್ತೇನೆ. ಹೆದ್ದಾರಿಗೆಂದೇ ಮಾಡಿದ್ದು ಎಚ್/ಟಿ. ಜಿಮ್ನಿ ಶೋರೂಮಿನಿಂದ ಬರುವಾಗ ಇರುವುದು ಇದು, 195/80 ಆರ್15. ಟಾರಿಗೂ ಮಣ್ಣಿಗೂ ಆಗುವಂಥದ್ದು ಎ/ಟಿ; ಥಾರ್‌ನ 18 ಇಂಚಿನ ಚಕ್ರಕ್ಕೆ ಕಂಪನಿಯೇ ಕೊಡುವ 255/65 ಆರ್18 ಈ ಜಾತಿಯದು. ಕೆಸರಿಗೆಂದೇ ಹುಟ್ಟಿದ್ದು ಎಂ/ಟಿ. ದಪ್ಪ ಬಟನ್ನು, ಬೆರಳು ಹೋಗುವಷ್ಟು ಅಗಲದ ಸಂದು, ಪಕ್ಕದ ಗೋಡೆಯ ಮೇಲೂ ಹಲ್ಲು. ಫೋಟೋಕ್ಕೆ ಚೆಂದ ಕಾಣುವುದೂ ಇದೇ, ಅದಕ್ಕೇ ಜಾಸ್ತಿ ಮಾರಾಟ.

ಸದ್ದು ಹುಟ್ಟುವುದು ಬಟನ್ನಿನಿಂದ ಮತ್ತು ಸಂದಿನಿಂದ. ಥಾರ್‌ನ ಆ ಟೈರಿನ ಸುತ್ತಳತೆ ಸುಮಾರು ಎರಡೂವರೆ ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಸುತ್ತಿಗೆ 50 ಬಟನ್ ಇವೆಯೆನ್ನಿ, ರಸ್ತೆಗೆ ಸೆಕೆಂಡಿಗೆ 450 ಏಟು ಬಿತ್ತು. ಸೆಕೆಂಡಿಗೆ 440 ಕಂಪನದ ಸ್ವರ ಹಿಡಿದೇ ಪಾಶ್ಚಾತ್ಯ ವಾದ್ಯಗಳನ್ನು ಶ್ರುತಿ ಮಾಡುವುದು. ಅಂದರೆ ಟೈರು ನಿಜಕ್ಕೂ ಹಾಡುತ್ತಿದೆ. ಒಂದೇ ಸ್ವರ ಬಿಡದೆ ಹಿಡಿದಿರುವುದರಿಂದ ತಲೆ ಚಿಟ್ಟು ಹಿಡಿಯುತ್ತದೆ. ಇದರ ಮೇಲೆ ಗಾಳಿಯ ಸದ್ದು. ಬಟನ್ನುಗಳ ನಡುವೆ ಸಿಕ್ಕಿಕೊಂಡ ಗಾಳಿ ಟೈರು ನೆಲ ಒತ್ತಿದಾಗ ಹಿಂಡಿಕೊಂಡು, ಬಿಟ್ಟಾಗ ಚಿಮ್ಮುತ್ತದೆ. ಟೈರಿಗೂ ರಸ್ತೆಗೂ ನಡುವಿನ ಬೆಣೆಯಾಕಾರದ ಜಾಗ ಆ ಸದ್ದನ್ನು ಇನ್ನಷ್ಟು ದೊಡ್ಡದು ಮಾಡಿ ಆಚೆ ಬಿಡುತ್ತದೆ.

ಕಂಪನಿಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಒಳ್ಳೆಯ ಎ/ಟಿ ಟೈರೊಂದನ್ನು ತಿರುಗಿಸುತ್ತ ಬಟನ್ನುಗಳ ಉದ್ದವನ್ನು ಸ್ಕೇಲಿನಲ್ಲಿ ಅಳೆದು ನೋಡಿ. ಒಂದು ಗಿಡ್ಡ, ಪಕ್ಕದ್ದು ಕೊಂಚ ಉದ್ದ, ಮುಂದಿನದು ಮತ್ತೆ ಬೇರೆ. ಬೇಕೆಂದೇ ಹಾಗೆ ಜೋಡಿಸಿರುತ್ತಾರೆ. ಏಟುಗಳ ನಡುವಿನ ಅಂತರ ಬದಲಾಗುತ್ತ ಹೋದರೆ ಸದ್ದು ಒಂದೇ ಸ್ವರದಲ್ಲಿ ನಿಲ್ಲದೆ ಚದುರಿಹೋಗಿ ಬರೀ ಮೊರೆತವಾಗುತ್ತದೆ. ಸದ್ದಿನ ಒಟ್ಟು ಮೊತ್ತ ಹೆಚ್ಚು ಇಳಿಯದಿದ್ದರೂ ಕಿವಿ ಸಹಿಸಿಕೊಳ್ಳುತ್ತದೆ. ಅಗ್ಗದ ಟೈರುಗಳಲ್ಲಿ ಈ ನಾಜೂಕು ಹುಡುಕಿದರೂ ಸಿಗದು.

ಹೊಸದರಲ್ಲಿ ಸುಮ್ಮನಿದ್ದ ಟೈರು ಓಡಿದಂತೆ ಕೂಗಲು ಶುರುಮಾಡುವುದೂ ಉಂಟು. ಹಾನುಬಾಳು ಕಡೆಯ ಪ್ಲಾಂಟರೊಬ್ಬರು ಬಂದು, ‘ಏನ್ ಮಾರಾಯ, ಹಾಕ್ಸಿದಾಗ ಹಿಂಗಿರ್ಲಿಲ್ಲ. ಈಗ ಬೇರಿಂಗ್ ಹೋಗಿರೋ ಥರ ಗುಂಯ್ ಅಂತದೆ’ ಅಂದರು. ‘ಗೌಡ್ರೆ, ಕೈ ಕೊಡಿ ಇಲ್ಲಿ’ ಎಂದು ಅವರ ಅಂಗೈಯನ್ನೇ ಮುಂದಿನ ಟೈರಿನ ಮೇಲೆ ಇಡಿಸಿದೆ. ಒಂದು ದಿಕ್ಕಿಗೆ ಸವರಿದರೆ ನುಣ್ಣಗೆ ಜಾರಿತು. ಹಿಂದಕ್ಕೆ ಎಳೆದರೆ ಪ್ರತಿ ಬಟನ್ನಿನ ಅಂಚೂ ಅಂಗೈಗೆ ತಡೆಯಿತು, ಗರಗಸದ ಹಲ್ಲಿನಂತೆ. ಬಟನ್ನಿನ ಒಂದು ತುದಿ ಸವೆದು ಇನ್ನೊಂದು ತುದಿ ನಿಂತಿತ್ತು. ದೊಡ್ಡ ಬಿಡಿ ಬಟನ್ನುಗಳು ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಬಾಗಿ ಬಾಗಿ ಹೀಗಾಗುತ್ತವೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಬದಲಿಸಿ ಅಲೈನ್‌ಮೆಂಟ್ ನೋಡಿಸುತ್ತಿದ್ದರೆ ಅಷ್ಟು ಬೇಗ ಈ ಸ್ಥಿತಿಗೆ ಬರುವುದಿಲ್ಲ. ಒಮ್ಮೆ ಹಲ್ಲು ಬಿದ್ದ ಮೇಲೆ ಪೂರಾ ಸರಿಹೋಗುವುದು ಕಷ್ಟ.

ಬೇರಿಂಗೋ ಟೈರೋ ಎಂದು ಅನುಮಾನವಿದ್ದರೆ ಶಿರಾಡಿ ಘಾಟಿಗೆ ಹೋಗಿ ಬನ್ನಿ. ಅಲ್ಲಿ ಕಾಂಕ್ರೀಟ್ ರಸ್ತೆ, ಇತ್ತ ಟಾರು. ಕಾಂಕ್ರೀಟಿಗೆ ಇಳಿದ ಕೂಡಲೇ ಸದ್ದಿನ ದನಿ ಬದಲಾದರೆ ಅದು ಟೈರು. ರಸ್ತೆ ಬದಲಾದರೂ ದನಿ ಬದಲಾಗದೆ, ಸ್ಟೇರಿಂಗ್ ಎಡಕ್ಕೋ ಬಲಕ್ಕೋ ವಾಲಿದಾಗ ಹೆಚ್ಚು ಕಡಿಮೆಯಾದರೆ ಬೇರಿಂಗ್. ಗೌಡರದ್ದು ಟೈರೇ.

ಈಗ ಡೀಸೆಲ್ ವಿಚಾರ. ಹೆದ್ದಾರಿಯಲ್ಲಿ ಓಡಿ ಬಂದ ಗಾಡಿಯ ಟೈರು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ನೆಲ ಮುಟ್ಟುವ ಕಡೆ ರಬ್ಬರ್ ಅಪ್ಪಚ್ಚಿಯಾಗಿ, ಮೇಲೆ ಬಂದಾಗ ಮತ್ತೆ ಮೊದಲಿನಂತಾಗುತ್ತದೆ. ಒತ್ತಲು ಹಾಕಿದ ಶಕ್ತಿಯಷ್ಟನ್ನೂ ರಬ್ಬರ್ ಹಿಂದಕ್ಕೆ ಕೊಡುವುದಿಲ್ಲ, ಒಂದಿಷ್ಟನ್ನು ಬಿಸಿ ಮಾಡಿ ಕಳೆಯುತ್ತದೆ. ಆ ಬಿಸಿಯ ಬೆಲೆ ಕೊಟ್ಟಿರುವುದು ನೀವು, ಬಂಕಿನಲ್ಲಿ. ಎಂ/ಟಿ ಟೈರಿನಲ್ಲಿ ರಬ್ಬರ್ ದಪ್ಪ, ಬಟನ್ ಎತ್ತರ, ಒಳಗಿನ ಪ್ಲೈ ಗಟ್ಟಿ. ಬಾಗಬೇಕಾದ್ದೇ ಜಾಸ್ತಿ, ಹಾಗಾಗಿ ಕಳೆದುಕೊಳ್ಳುವುದೂ ಜಾಸ್ತಿ. ಸಾಲದ್ದಕ್ಕೆ ಅದೇ ಸೈಜಿನ ಎಚ್/ಟಿಗಿಂತ ಒಂದೊಂದೂ ಕೆಲವು ಕೆ.ಜಿ. ಹೆಚ್ಚು ತೂಗುತ್ತದೆ, ಸಿಗ್ನಲ್ಲಿನಿಂದ ಎದ್ದು ಹೊರಡುವಾಗಲೆಲ್ಲ ಅಷ್ಟು ತೂಕವನ್ನು ತಿರುಗಿಸಿಕೊಂಡೇ ಹೋಗಬೇಕು.

ಒಂದು ಲೆಕ್ಕ ಹಾಕೋಣ. ಜನ, ಲಗೇಜು ಸೇರಿ ಎರಡು ಟನ್ ತೂಗುವ ಡೀಸೆಲ್ ಗಾಡಿ. ಸಮತಟ್ಟು ರಸ್ತೆಯಲ್ಲಿ ಸಾಧಾರಣ ಟೈರನ್ನು ಉರುಳಿಸಿಕೊಂಡು ಹೋಗಲು ಸುಮಾರು 20 ಕೆ.ಜಿ. ತೂಕದಷ್ಟು ಎಳೆತ ಬೇಕು, ಒರಟು ಟೈರಿಗೆ 28 ಎಂದು ಹಿಡಿಯಿರಿ. ಆ ಎಂಟು ಕೆ.ಜಿ. ಹೆಚ್ಚುವರಿ ಎಳೆತಕ್ಕೆ 100 ಕಿ.ಮೀ.ಗೆ ಅರ್ಧದಿಂದ ಮುಕ್ಕಾಲು ಲೀಟರ್ ಡೀಸೆಲ್ ಬೇಕಾಗುತ್ತದೆ. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ 11ರ ಆಸುಪಾಸಿಗೆ ಇಳಿಯಿತು. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ, ಲೀಟರಿಗೆ 90 ರೂಪಾಯಿ ಹಿಡಿದರೆ, ಐದೂವರೆಯಿಂದ ಎಂಟು ಸಾವಿರದ ಮಾತು. ಕಡಿಮೆಯೇನಲ್ಲ. ಆದರೆ ‘ನಾಲ್ಕು ಕಿಲೋಮೀಟರ್ ಬಿದ್ದೋಗಿದೆ ಸಾರ್’ ಎಂದು ಬರುವವರ ನಾಲ್ಕಕ್ಕೂ ಟೈರನ್ನೇ ಹೊಣೆ ಮಾಡಲಾಗದು. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2006ರ ವರದಿಯಲ್ಲಿ ಹೇಳಿದ್ದೂ ಇಂಥದ್ದೇ: ಕಾರುಗಳಲ್ಲಿ ಟೈರಿನ ಉರುಳು ತಡೆ ಶೇ. 10ರಷ್ಟು ಇಳಿದರೆ ಮೈಲೇಜ್ ಏರುವುದು ಶೇ. 1ರಿಂದ 2.

ಉಳಿದದ್ದು ಎಲ್ಲಿ ಹೋಯಿತು? ಒಂದಿಷ್ಟು ಮೀಟರಿನಲ್ಲಿ. ಜಿಮ್ನಿಯ 195/80 ತೆಗೆದು 235/75 ಹಾಕಿಸುವವರಿದ್ದಾರೆ. ಮೊದಲಿನದರ ಎತ್ತರ 693 ಮಿ.ಮೀ., ಎರಡನೆಯದು 733. ಗಾಡಿಯ ಮೀಟರ್ ಎಣಿಸುವುದು ಚಕ್ರದ ಸುತ್ತನ್ನು. ಚಕ್ರ ಹಿಗ್ಗಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ನಿಜವಾಗಿ 100 ಕಿ.ಮೀ. ಓಡಿದಾಗ ಅದು ಬರೆದುಕೊಳ್ಳುವುದು 94-95 ಮಾತ್ರ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ನೋಡಿ ಭಾಗಿಸಿದರೆ 14 ಬರುತ್ತದೆ, ಅಸಲಿಗೆ ಗಾಡಿ ಕೊಟ್ಟಿರುವುದು 14.8. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನೋ ಫೋನಿನ ಮ್ಯಾಪನ್ನೋ ಇಟ್ಟುಕೊಂಡು ಒಮ್ಮೆ ತಾಳೆ ನೋಡಿದರೆ ತಿಳಿಯುತ್ತದೆ. ಹಾಗೆಂದು ಇಷ್ಟು ದೊಡ್ಡ ಟೈರು ಹಾಕಿಸಿ ಎಂದು ನಾನು ಹೇಳುವುದಿಲ್ಲ. ಗೇರ್ ಎಳೆಯುವುದಿಲ್ಲ, ಬ್ರೇಕಿಗೆ ಭಾರ, ತಿರುವಿನಲ್ಲಿ ಒಳಗೆ ಉಜ್ಜುತ್ತದೆ. ಅಪಘಾತವಾದರೆ ಇನ್ಶೂರೆನ್ಸಿನವರ ಪ್ರಶ್ನೆಗೂ ಉತ್ತರ ಹುಡುಕಬೇಕು. ಜಿಮ್ನಿಗೆ 215/75 ಆದರೆ ಎತ್ತರದ ವ್ಯತ್ಯಾಸ ಒಂದು ಸೆಂಟಿಮೀಟರ್‌ನಷ್ಟೇ, ಮೀಟರೂ ಹೆಚ್ಚು ಸುಳ್ಳು ಹೇಳುವುದಿಲ್ಲ.

ಹೋಲಿಕೆಯಲ್ಲೂ ಒಂದು ಅನ್ಯಾಯವಿದೆ. ಗಿರಾಕಿ ಹೋಲಿಸುವುದು ನುಣ್ಣಗೆ ಸವೆದ ಹಳೆ ಟೈರಿನ ಕೊನೆಯ ದಿನಗಳನ್ನು ಹೊಸ ಟೈರಿನ ಮೊದಲ ದಿನಗಳೊಂದಿಗೆ. ಸವೆದ ಟೈರಿನಲ್ಲಿ ಬಾಗಲು ರಬ್ಬರೇ ಇಲ್ಲ, ಅದು ಸಲೀಸಾಗಿ ಉರುಳುತ್ತದೆ. ಯಾವ ಜಾತಿಯ ಹೊಸ ಟೈರು ಹಾಕಿದ್ದರೂ ಮೈಲೇಜ್ ಸ್ವಲ್ಪ ಇಳಿಯುತ್ತಿತ್ತು. ಗೌಡರ ಜೀಪನ್ನೇ ನೋಡಿ: ಹಲ್ಲು ಬಿದ್ದು ಬಾಯಿ ಬಡಿದುಕೊಳ್ಳುತ್ತಿದ್ದ ಅವರ ಟೈರುಗಳು ಹೊಸದರಲ್ಲಿ ಕುಡಿದಷ್ಟು ಡೀಸೆಲ್ ಆಗ ಕುಡಿಯುತ್ತಿರಲಿಲ್ಲ.

ಯುರೋಪಿನವರು ಇವೆರಡನ್ನೂ ಬೇರೆ ಬೇರೆ ಮಾಡಿ ಬರೆಯುತ್ತಾರೆ. ಅಲ್ಲಿ 2012ರ ನವೆಂಬರ್‌ನಿಂದ ಕಾರಿನ ಟೈರುಗಳಿಗೆ ಲೇಬಲ್ ಕಡ್ಡಾಯ. ಇಂಧನಕ್ಕೊಂದು ದರ್ಜೆ, ಒದ್ದೆ ರಸ್ತೆಯ ಹಿಡಿತಕ್ಕೊಂದು, ಸದ್ದಿಗೆ ಡೆಸಿಬೆಲ್. ಆ ಡೆಸಿಬೆಲ್ ಅಳೆಯುವುದು ಗಾಡಿಯ ಒಳಗಲ್ಲ. ಎಂಜಿನ್ ಆಫ್ ಮಾಡಿ 80ರ ವೇಗದಲ್ಲಿ ಉರುಳಿಬಿಟ್ಟ ಗಾಡಿಯಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. ಸಂಖ್ಯೆ ಇರುವುದು ರಸ್ತೆ ಪಕ್ಕದ ಮನೆಯವರ ನಿದ್ದೆಗೆ, ಡ್ರೈವರನ ಕಿವಿಗಲ್ಲ. ನಮ್ಮಲ್ಲೂ 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅಧಿಸೂಚನೆ ಹೊರಡಿಸಿ ಎಐಎಸ್-142 ಎಂಬ ಮಾನಕದ ಪ್ರಕಾರ ಉರುಳು ತಡೆ, ಒದ್ದೆ ಹಿಡಿತ, ಸದ್ದು ಮೂರಕ್ಕೂ ಮಿತಿ ಹಾಕಿದೆ.

ಗಾಳಿಯ ಮಾತು ಬಿಟ್ಟರೆ ನನ್ನ ಕಸುಬಿಗೆ ಅವಮಾನ. ಕೆಸರಿಗೆ ಇಳಿಯುವಾಗ 18 ಪಿಎಸ್ಐಗೆ ಇಳಿಸುತ್ತಾರೆ. ಸರಿಯೇ, ಟೈರು ಉದ್ದಕ್ಕೆ ಹರಡಿ ನೆಲ ಹಿಡಿಯುತ್ತದೆ. ಮತ್ತೆ ಗಾಳಿ ಹಿಡಿಸದೆ ಹಾಗೆಯೇ ಬೆಂಗಳೂರಿನ ದಾರಿ ಹಿಡಿಯುವವರು ಇದ್ದಾರಲ್ಲ, ಅವರಿಗೆ ಹೇಳುವುದು ಇದನ್ನು: ಅಮೆರಿಕದ ಸರ್ಕಾರಿ ಅಂದಾಜಿನಂತೆ ನಾಲ್ಕೂ ಟೈರಿನಲ್ಲಿ ಒಂದು ಪಿಎಸ್ಐ ಇಳಿದರೆ ಮೈಲೇಜ್ ಶೇ. 0.2ರಷ್ಟು ಬೀಳುತ್ತದೆ. ಮೊತ್ತ ಸಣ್ಣದು ಅನ್ನಿಸಬಹುದು. ದೊಡ್ಡ ಅಪಾಯ ಸೈಡ್‌ವಾಲಿನದು. ಕಡಿಮೆ ಗಾಳಿಯಲ್ಲಿ ನೂರರ ವೇಗದಲ್ಲಿ ಬಾಗಿ ಬಾಗಿ ಒಳಗಿನ ದಾರ ಬೆಂದರೆ ಆ ಟೈರಿಗೆ ನನ್ನ ಬಳಿ ರಿಪೇರಿಯಿಲ್ಲ.

ಹಾಗಾದರೆ ಯಾರಿಗೆ ಯಾವುದು? ತೋಟದ ಜೀಪು ಮೊದಲ, ಎರಡನೆಯ ಗೇರಿನಲ್ಲೇ ದಿನ ಕಳೆಯುತ್ತದೆ. ಅಲ್ಲಿ ಡೀಸೆಲ್ ಹೋಗುವುದು ಏರಿಗೆ, ಕೆಸರಿಗೆ, ಲೋಡಿಗೆ. ಟೈರಿನ ಬಟನ್ನು ತಿನ್ನುವುದು ಅದರಲ್ಲಿ ಸಣ್ಣ ಪಾಲು. 40ರ ವೇಗದಲ್ಲಿ ಸದ್ದಿನ ಪ್ರಶ್ನೆಯೂ ಇಲ್ಲ. ಅವರಿಗೆ ಎಂ/ಟಿ ನ್ಯಾಯ. ಹಿಂದಿನವರು ಇದನ್ನು ಬೇರೆ ರೀತಿ ನಿಭಾಯಿಸುತ್ತಿದ್ದರು: 6.00-16ರ ತೆಳು ಟೈರು, ಮಳೆಗಾಲಕ್ಕೆ ಹಿಂದಿನ ಚಕ್ರಕ್ಕೆ ಚೈನು. ತೆಳು ಟೈರು ಮೇಲಿನ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲಕ್ಕೆ ಇಳಿಯುತ್ತಿತ್ತು. ಈಗಲೂ ಚೈನು ಕಟ್ಟುವ ತೋಟಗಳಿವೆ, ಅವರನ್ನು ಹಳೆಕಾಲದವರೆಂದು ನಗುವ ಹುಡುಗರ ಗಾಡಿಯನ್ನು ಎಳೆದು ಹಾಕಿದ್ದೂ ಅವರೇ.

ವಾರಕ್ಕೆ ಐದು ದಿನ ಆಫೀಸಿಗೆ ಓಡಿ, ಯಾವಾಗಲೋ ಒಮ್ಮೆ ಮಲೆನಾಡಿಗೆ ಬರುವ ಗಾಡಿಗೆ ಎಂ/ಟಿ ಬೇಡ ಎಂದೇ ನಾನು ಹೇಳುವುದು, ವ್ಯಾಪಾರ ಹೋದರೂ ಸರಿ. ಸದ್ದು, ಡೀಸೆಲ್ಲಿಗಿಂತ ನನಗೆ ಹೆದರಿಕೆ ಆಗಸ್ಟಿನ ಶಿರಾಡಿಯದು. ಒದ್ದೆ ಕಾಂಕ್ರೀಟಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ನೆಲ ಹಿಡಿಯಬೇಕಾದ್ದು ರಬ್ಬರ್. ಎಂ/ಟಿಯಲ್ಲಿ ಅರ್ಧ ಜಾಗ ಬರೀ ಸಂದು; ನೀರು ಕತ್ತರಿಸುವ ಸಣ್ಣ ಸೀಳುಗಳೂ ಕಡಿಮೆ. ಎಚ್/ಟಿ ನಿಲ್ಲುವ ಜಾಗಕ್ಕಿಂತ ಮುಂದೆ ಹೋಗಿಯೇ ಅದು ನಿಲ್ಲುವುದು. ಇವರಿಗೆ ಮೆತ್ತಗಿನ ಮಾದರಿಯ ಎ/ಟಿ ಸಾಕು, ಕಂಪನಿ ಹೇಳಿದ ಸೈಜಿನಲ್ಲೇ.

ಯಾವುದನ್ನೇ ಹಾಕಿಸಿ, ಐದು ಹಾಕಿಸಿ. ದುಡ್ಡು ಉಳಿಸಲು ನಾಲ್ಕೇ ಕೊಂಡು ಹಿಂಬಾಗಿಲಿನ ಸ್ಟೆಪ್ನಿ ಹಳೆ ಸೈಜಿನದ್ದೇ ಉಳಿಸಿಕೊಂಡವರು ಬಹಳ. ಥಾರ್, ಜಿಮ್ನಿಗಳಲ್ಲಿ ಫೋರ್‌ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟುಗಳು ಒಂದೇ ಲೆಕ್ಕದಲ್ಲಿ ತಿರುಗುತ್ತವೆ. ಪಂಚರ್ ಆಗಿ ಒಂದು ಕಡೆ ಸಣ್ಣ ಚಕ್ರ ಬಿದ್ದರೆ ಎರಡರ ನಡುವೆ ಜಗ್ಗಾಟ ಶುರುವಾಗಿ ಹೊಡೆತ ಗೇರಿಗೆ ಬೀಳುತ್ತದೆ. ಅಂಥ ಸ್ಟೆಪ್ನಿ ಹಾಕಿಕೊಂಡು ಓಡುವಷ್ಟು ದೂರ ಫೋರ್‌ವೀಲ್ ಹಾಕದೆ ಟೂ-ಹೈನಲ್ಲೇ ಇರಿ, ನಿಧಾನವಾಗಿ ಹೋಗಿ, ಮೊದಲು ಸಿಕ್ಕ ಅಂಗಡಿಯಲ್ಲಿ ಪಂಚರ್ ಹಾಕಿಸಿ.