ನೆಲಕ್ಕೆ ತಲೆಬಾಗಿದ ಮ್ಯೂಸಿಯಂ

ಮ್ಯೂಸಿಯಂ ಎಂದೊಡನೆ ನಿಮ್ಮ ಕಣ್ಣ ಮುಂದೆ ಎತ್ತರದ ಕಂಬಗಳ ಭವ್ಯ ಕಟ್ಟಡವೊಂದು ನಿಲ್ಲಬಹುದು. ಆದರೆ ಸ್ಪೇನ್‌ನ ಕೊರ್ಡೋವಾ ನಗರದ ಹೊರವಲಯದಲ್ಲಿರುವ ಮದೀನತುಝ್ಝಹ್ರಾ ಮ್ಯೂಸಿಯಂ ದೂರದಿಂದ ನೋಡಿದರೆ ಕಟ್ಟಡವೆಂದೇ ಗೊತ್ತಾಗದು. ಅದರ ಬಹುಭಾಗ ಮಣ್ಣಿನೊಳಗಿದೆ.

ಅದೇಕೆ ಹಾಗೆ? ಉತ್ತರಕ್ಕಾಗಿ ಸಾವಿರ ವರ್ಷ ಹಿಂದೆ ಹೋಗಬೇಕು. ಮುಸ್ಲಿಮ್ ಸ್ಪೇನ್‌ನ ಖಲೀಫ ಮೂರನೇ ಅಬ್ದುರ್ರಹ್ಮಾನ್ ಕ್ರಿ.ಶ. 936ರ ಸುಮಾರಿಗೆ ಸಿಯೆರಾ ಮೊರೇನಾ ಬೆಟ್ಟದ ತಪ್ಪಲಲ್ಲಿ ಮದೀನತುಝ್ಝಹ್ರಾ ಎಂಬ ಹೊಸ ನಗರ ಕಟ್ಟಿಸತೊಡಗಿದರು. ಇಳಿಜಾರಿನಲ್ಲಿ ಮೂರು ಹಂತಗಳು; ಎಲ್ಲಕ್ಕಿಂತ ಮೇಲೆ ಖಲೀಫರ ಅರಮನೆ. ನಿರ್ಮಾಣದ ಗುಂಗಿನಲ್ಲಿ ಅವರು ಜುಮಾ ನಮಾಝಿಗೂ ತಪ್ಪಿದಾಗ, ಖಾಝಿ ಮುಂದಿರ್ ಬಿನ್ ಸಈದ್ ಮಿಂಬರಿನಿಂದಲೇ ಆ ದುಂದುಗಾರಿಕೆಯನ್ನು ಖಂಡಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಆ ವೈಭವ ಎಂಭತ್ತು ವರ್ಷವೂ ಬಾಳಲಿಲ್ಲ. 1010ರ ಸುಮಾರಿಗೆ ಮುಸ್ಲಿಮರೊಳಗಿನ ಅಂತಃಕಲಹದಲ್ಲೇ ನಗರ ನಾಶವಾಯಿತು. ಕಲ್ಲುಗಳನ್ನು ಜನ ಹೊತ್ತೊಯ್ದರು. ಉಳಿದುದನ್ನು ಮಣ್ಣು ಮುಚ್ಚಿತು.

1911ರಲ್ಲಿ ಉತ್ಖನನ ಆರಂಭವಾಯಿತು. ನಗರದ ಸುಮಾರು ಹತ್ತನೇ ಒಂದು ಭಾಗ ಮಾತ್ರ ಹೊರಬಂದಿದೆ.

ಅಲ್ಲಿ ಸಿಕ್ಕ ವಸ್ತುಗಳಿಗಾಗಿ ಮ್ಯೂಸಿಯಂ ಕಟ್ಟುವ ಹೊಣೆ ವಾಸ್ತುಶಿಲ್ಪಿಗಳಾದ ಫುಯೆನ್ಸಾಂತಾ ನಿಯೆತೊ ಎಂಬ ಮಹಿಳೆ ಮತ್ತು ಎನ್ರಿಕೆ ಸೊಬೆಹಾನೊ ಅವರಿಗೆ ದೊರೆಯಿತು. ಅವಶೇಷಗಳ ಎದುರು ಇನ್ನೊಂದು ಅರಮನೆಯನ್ನು ಎಬ್ಬಿಸಲು ಅವರಿಗೆ ಮನಸ್ಸಾಗಲಿಲ್ಲ. ಉತ್ಖನನಕಾರರಂತೆ ನೆಲವನ್ನು ಅಗೆದು ಕೆಳಗಿಳಿದರು. ಬಿಳಿ ಗೋಡೆಗಳು ಆಗಷ್ಟೇ ಮಣ್ಣಿನಿಂದ ಹೊರತೆಗೆದಂತೆ ತಗ್ಗಾಗಿವೆ. ತುಕ್ಕು ಬಣ್ಣದ ಉಕ್ಕಿನ ಮಾಡು ಸುತ್ತಲಿನ ಮಣ್ಣಿನೊಂದಿಗೆ ಬೆರೆಯುತ್ತದೆ. ಹಳೆಯ ಅಂದುಲುಸಿಯಾದ ಮನೆಗಳಂತೆ ಒಳ ಅಂಗಳಗಳಿಂದ ಗಾಳಿ, ಬೆಳಕು ಬರುತ್ತದೆ. ಮುಂದೆ ಇನ್ನಷ್ಟು ವಸ್ತುಗಳು ಸಿಕ್ಕರೆ ಕಟ್ಟಡವನ್ನು ಬೆಳೆಸಲೂ ಅವಕಾಶವಿದೆ. ಬೆಟ್ಟ, ಹೊಲ ಮತ್ತು ಪಾಳುನಗರದ ನೋಟಕ್ಕೆ ಎಲ್ಲಿಯೂ ಅಡ್ಡಿಯಿಲ್ಲ.

2009ರಲ್ಲಿ ತೆರೆದ ಈ ಮ್ಯೂಸಿಯಂಗೆ ಮರುವರ್ಷವೇ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು. 2018ರಲ್ಲಿ ಯುನೆಸ್ಕೋ ಆ ಪಾಳುನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಹೋದರಿಯರೇ, ಭೂಮಿಯಲ್ಲಿ ಸಂಚರಿಸಿ ಗತಿಸಿದವರ ಪರ್ಯವಸಾನವನ್ನು ನೋಡುವಂತೆ ಪವಿತ್ರ ಕುರ್‌ಆನ್ ನಮಗೆ ಕಲಿಸುತ್ತದೆ. ಮದೀನತುಝ್ಝಹ್ರಾದಲ್ಲಿ ಆ ಪಾಠ ಎರಡು ಬಗೆಯಲ್ಲಿದೆ. ಎಲ್ಲರಿಗೂ ಕಾಣಲೆಂದು ಎತ್ತರದಲ್ಲಿ ಕಟ್ಟಿದ ಅರಮನೆ ಮಣ್ಣು ಸೇರಿತು. ತಾನಾಗಿ ಮಣ್ಣಿಗಿಳಿದ ಮ್ಯೂಸಿಯಂ ಅದರ ನೆನಪನ್ನು ಕಾಯುತ್ತಿದೆ. ನಿಮ್ಮ ಊರಿನಲ್ಲಿ ಮಸೀದಿಯ ನವೀಕರಣವೋ ನಿಮ್ಮದೇ ಹೊಸ ಮನೆಯ ಕೆಲಸವೋ ನಡೆಯುವಾಗ ಒಂದು ಮಾತು ಕೇಳಿ: ಇಲ್ಲಿರುವ ಹಳೆಯ ಮರ, ಹಳೆಯ ಬಾವಿ, ಹಿರಿಯರು ಕಟ್ಟಿದ ಗೋಡೆ, ಇವುಗಳನ್ನು ಉಳಿಸಿಕೊಂಡೇ ಕಟ್ಟಲಾಗದೇ? ನಕ್ಷೆಗೆ ಸಹಿ ಬೀಳುವ ಮುನ್ನವೇ ಕೇಳಿ. ಕಡಿದ ಮೇಲೆ ಕೇಳಿ ಫಲವಿಲ್ಲ.