ಕೂಡು ಓದು ಮತ್ತು ಜಪಾನಿ ಕಥನ: ಆಯ್ಕೆ ಹಾಗೂ ಅನುವಾದದ ಪ್ರಶ್ನೆಗಳು

ಒಂದು ಭಾಷೆಯ ಕಥನ ಸಾಹಿತ್ಯವನ್ನು ಗೊತ್ತುಪಡಿಸಿದ ಅವಧಿಯಲ್ಲಿ ಓದುವುದಾಗಿ ಹಲವರು ಪಣತೊಟ್ಟು, ಓದಿದ್ದನ್ನು ಪರಸ್ಪರ ಚರ್ಚಿಸುವ ಕ್ರಮವನ್ನು ‘ಕೂಡು ಓದು’ ಎಂದು ಕರೆಯಬಹುದು. ಜಪಾನಿ ಕಾದಂಬರಿಗಳು ಅನ್ಯಭಾಷಿಕರಿಗೆ ಪರಿಚಯವಾಗುತ್ತಿರುವ ಬಗೆಗಳಲ್ಲಿ ಇದೂ ಒಂದು. ಹೀಗೆ ಓದುವವರು ಕಾಣುವುದು ಜಪಾನನ್ನೋ ಅಥವಾ ಅನ್ಯರು ಆರಿಸಿಕೊಟ್ಟ ಜಪಾನನ್ನೋ ಎಂಬುದು ಇಲ್ಲಿನ ಮೂಲಭೂತ ಪ್ರಶ್ನೆ.

ಅಮೆರಿಕದ ಕ್ನಾಫ್ ಪ್ರಕಾಶನವು ಸಂಪಾದಕ ಹೆರಾಲ್ಡ್ ಸ್ಟ್ರಾಸ್ ಅವರ ಆಸಕ್ತಿಯ ಫಲವಾಗಿ 1955ರಿಂದ ಆಧುನಿಕ ಜಪಾನಿ ಕಾದಂಬರಿಗಳ ಇಂಗ್ಲಿಷ್ ಅನುವಾದಗಳನ್ನು ಹೊರತರತೊಡಗಿತು. ತಾನಿಜಾಕಿ, ಕವಾಬಾತ ಮತ್ತು ಮಿಶಿಮ ಈ ಮಾಲೆಯ ಪ್ರಮುಖರಾದರು. ಮೌನ, ನಶ್ವರತೆಯ ವಿಷಾದ, ಸೂಕ್ಷ್ಮ ಸೌಂದರ್ಯಪ್ರಜ್ಞೆಗಳೇ ಜಪಾನಿ ಸಾಹಿತ್ಯದ ಲಕ್ಷಣಗಳೆಂಬ ಗ್ರಹಿಕೆ ಇದರಿಂದ ಬಲಗೊಂಡಿತು. ನಿನ್ನೆಯವರೆಗೆ ಶತ್ರುವಾಗಿದ್ದ ದೇಶವು ಮಿತ್ರದೇಶವಾಗಿ ಮಾರ್ಪಟ್ಟ ಯುದ್ಧೋತ್ತರ ಸಂದರ್ಭಕ್ಕೂ ಈ ಆಯ್ಕೆಗೂ ಇರುವ ಸಂಬಂಧವನ್ನು ಎಡ್ವರ್ಡ್ ಫೌಲರ್ 1992ರ ತಮ್ಮ ಪ್ರಬಂಧದಲ್ಲಿ ಚರ್ಚಿಸಿದ್ದಾರೆ.

ಒಂಟಿ ಓದುಗನಿಗೆ ಈ ಆಯ್ಕೆಯ ಅಂಚು ಸುಲಭವಾಗಿ ಕಾಣದು. ಕೂಡು ಓದಿನಲ್ಲಿ ಒಬ್ಬರು ಕವಾಬಾತರ ‘ಯುಕಿಗುನಿ’ (ಹಿಮನಾಡು) ಓದಿದರೆ, ಮತ್ತೊಬ್ಬರು ಕೊಬಯಾಶಿ ತಕಿಜಿಯ ‘ಕನಿಕೋಸೆನ್’ (1929) ಓದಬಹುದು. 1935ರಲ್ಲಿ ಬಿಡಿಬಿಡಿಯಾಗಿ ಪ್ರಕಟವಾಗತೊಡಗಿದ ಮೊದಲನೆಯದು ಬಿಸಿನೀರ ಬುಗ್ಗೆಯ ಊರೊಂದರ ವಿಫಲ ಪ್ರೇಮದ ಕಥನ. ಎರಡನೆಯದು ಏಡಿಗಳನ್ನು ಹಿಡಿದು ಡಬ್ಬಿಗೆ ತುಂಬುವ ಹಡಗಿನ ಕೂಲಿಕಾರರ ಬಂಡಾಯದ ಕಥನ. ಅದರ ಲೇಖಕ 1933ರಲ್ಲಿ ಪೊಲೀಸರ ವಶದಲ್ಲಿದ್ದಾಗಲೇ ಕೊಲೆಯಾದ. ಹೆಚ್ಚುಕಡಿಮೆ ಒಂದೇ ಕಾಲದ ಈ ಎರಡು ಕೃತಿಗಳು ಎದುರುಬದುರಾದಾಗ ‘ಜಪಾನಿ ಸಂವೇದನೆ’ ಎಂಬ ಏಕರೂಪಿ ಕಲ್ಪನೆ ಸಡಿಲಗೊಳ್ಳುತ್ತದೆ. ಕವಾಬಾತ 1968ರ ನೊಬೆಲ್ ಉಪನ್ಯಾಸದ ಶೀರ್ಷಿಕೆಯಲ್ಲಿ ಜಪಾನನ್ನು ‘ಸುಂದರ’ ಎಂದು ಕರೆದರೆ, 1994ರಲ್ಲಿ ಓಎ ಕೆನ್‌ಜಬುರೊ ಅದೇ ಶೀರ್ಷಿಕೆಯನ್ನು ತಿರುಗಿಸಿ ‘ಸಂದಿಗ್ಧ’ ಎಂದರು. ಈ ವಾಗ್ವಾದ ಜಪಾನಿನ ಒಳಗೇ ನಡೆದದ್ದು ಎಂಬುದು ಗಮನಾರ್ಹ.

ಆಯ್ಕೆಯಂತೆ ಅನುವಾದವೂ ಅರ್ಥವನ್ನು ರೂಪಿಸುತ್ತದೆ. ತಾನಿಜಾಕಿಯ ‘ಸಸಮೆಯುಕಿ’ಯ ಶೀರ್ಷಿಕೆ ನವಿರಾದ ಹಿಮಪಾತವನ್ನು ಸೂಚಿಸುತ್ತದೆ, ನಾಯಕಿ ಯುಕಿಕೊಳ ಹೆಸರಿನ ‘ಯುಕಿ’ಯೂ ಅದರಲ್ಲಿ ಅಡಗಿದೆ. 1957ರ ಇಂಗ್ಲಿಷ್ ಅನುವಾದದಲ್ಲಿ ಅದು ಮಕಿಯೊಕ ಸೋದರಿಯರ ಕಥೆ ಎಂದಷ್ಟೇ ಆಯಿತು. ‘ಯುಕಿಗುನಿ’ಯ ಆರಂಭದಲ್ಲಿ ಗಡಿಯ ಸುರಂಗವನ್ನು ದಾಟುವ ಕ್ರಿಯೆಯಿದೆ, ಕರ್ತೃಪದವಿಲ್ಲ. ಸೈಡೆನ್‌ಸ್ಟಿಕರ್ 1956ರ ಇಂಗ್ಲಿಷ್ ಅನುವಾದದಲ್ಲಿ ರೈಲನ್ನು ಕರ್ತೃವಾಗಿಸಿದರು. ಕನ್ನಡದಲ್ಲಿ ಇಂತಹ ಅನಿವಾರ್ಯತೆ ಇಲ್ಲ. ‘ದಾಟುತ್ತಲೇ’ ಎಂಬ ರೂಪಕ್ಕೆ ಲಿಂಗ, ವಚನ, ಪುರುಷಗಳ ಹಂಗಿಲ್ಲದ ಕಾರಣ ಮೂಲದ ಅನಿರ್ದಿಷ್ಟತೆಯನ್ನು ಅದು ಉಳಿಸಿಕೊಳ್ಳಬಲ್ಲದು. ಆದರೆ ಇಂಗ್ಲಿಷ್ ಅನುವಾದವನ್ನೇ ಅನುಸರಿಸಿದ ಕನ್ನಡ ಪಠ್ಯವು ತನ್ನ ಭಾಷೆಗೆ ಸಹಜವಾಗಿದ್ದ ಈ ಸಾಧ್ಯತೆಯನ್ನು ಕೈಬಿಟ್ಟಂತಾಗುತ್ತದೆ.

ಆದ್ದರಿಂದ ಕೂಡು ಓದಿನ ಸಾರ್ಥಕತೆ ಓದಿದ ಕೃತಿಗಳ ಸಂಖ್ಯೆಯಲ್ಲಿಲ್ಲ. ನತ್ಸುಮೆ ಸೋಸೆಕಿಯ ‘ಕೊಕೊರೊ’ (1914) ಕಾದಂಬರಿಯನ್ನು ಕೆಲವರು ಎಡ್ವಿನ್ ಮ್ಯಾಕ್‌ಕ್ಲೆಲನ್ ಅವರ 1957ರ ಅನುವಾದದಲ್ಲೂ ಕೆಲವರು ಮೆರೆಡಿತ್ ಮೆಕಿನ್ನಿ ಅವರ 2010ರ ಅನುವಾದದಲ್ಲೂ ಓದಿ ಹೋಲಿಸಿದಾಗ, ಯಾವುದು ಲೇಖಕನದು, ಯಾವುದು ಅನುವಾದಕರದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮೂಲಭಾಷೆಯನ್ನು ಅರಿಯದ ಓದುಗರಿಗೂ ಈ ಎಚ್ಚರ ಲಭ್ಯವಾಗುವುದೇ ಕೂಡು ಓದಿನ ನಿಜವಾದ ಪ್ರಯೋಜನ.